ಡಯಾಲಿಸಿಸ್ ರೋಗಿಗಳ ಮೈ ಕಡಿತಕ್ಕೆ ಮದ್ದಿದೆ

ಮಾನ್ಯ ಸಂಪಾದಕರೇ,

ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಮಂದಿಗೆ ಮಧ್ಯಮದಿಂದ ತೀವ್ರ ಮಟ್ಟದ ಮೈ ಕಡಿತವಿರುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೂ ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬಸ್ಸಿಗೆ ಬಂದು ನಾಲ್ಕು ತಾಸು ಮಿಷನ್ನಿಗೆ ಮಲಗಿ ಹೋಗುವ ಎಷ್ಟೋ ಮಂದಿ, ಕಿಡ್ನಿ ಹೋದ ಮೇಲೆ ಇದು ಇದ್ದದ್ದೇ ಅಂದುಕೊಂಡು ಬಾಯಿ ಬಿಡುವುದಿಲ್ಲ. ಹಾಗಾಗಿ ಬಿ.ಪಿ., ತೂಕ ಬರೆಯುವ ಚಾರ್ಟಿನಲ್ಲೇ ಕಡಿತಕ್ಕೂ ಒಂದು ಅಂಕಣ ಇರಲಿ. ‘ಕಳೆದ 24 ತಾಸಿನಲ್ಲಿ ಕಡಿತ ಅತಿ ಹೆಚ್ಚಿದ್ದಾಗ 0ಯಿಂದ 10ರಲ್ಲಿ ಎಷ್ಟಿತ್ತು?’ ಎಂದು ವಾರಕ್ಕೊಮ್ಮೆ ಕೇಳಿದರೆ ಸಾಕು. ನಾಲ್ಕು ಅಥವಾ ಮೇಲೆ ಹೇಳಿದವರನ್ನು ಆ ವಾರವೇ ಡಾಕ್ಟರು ನೋಡಬೇಕು.

ಕೇಳುವವರಿಲ್ಲದಾಗ ರೋಗಿ ಔಷಧಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಚರ್ಮವನ್ನು ತೆಳುವಾಗಿಸುತ್ತದೆ, ಹುಳುಕಡ್ಡಿ ಇದ್ದರೆ ಇನ್ನೂ ಹರಡಿಸುತ್ತದೆ. ಸೆಟಿರಿಜಿನ್ ತರಹದ ಅಲರ್ಜಿ ಮಾತ್ರೆ ಮಂಪರು ತರಿಸೀತು, ಈ ಕಡಿತಕ್ಕೆ ಹೆಚ್ಚು ನಾಟುವುದಿಲ್ಲ. ಇದರ ಮೂಲ ಅಲರ್ಜಿಯಲ್ಲಿ ಕಡಿತ ತರಿಸುವ ಹಿಸ್ಟಮಿನ್‌ಗಿಂತ ಹೆಚ್ಚಾಗಿ ಕೆರಳಿದ ನರಗಳಲ್ಲಿದೆ.

ಮೊದಲು ಇದು ಕಿಡ್ನಿಯದೇ ಕಡಿತ ಹೌದೋ ಅಲ್ಲವೋ ನೋಡಬೇಕು. ಕಿಡ್ನಿಯದಾದರೆ ಬೆನ್ನು, ತೋಳು ಹೀಗೆ ಎರಡೂ ಬದಿಗೆ ಬರುತ್ತದೆ. ಕೆರೆದ ಗೀರು ಬಿಟ್ಟರೆ ಸ್ವಂತ ಗುಳ್ಳೆ ಇರುವುದಿಲ್ಲ, ರಾತ್ರಿ ಜಾಸ್ತಿ. ಬೆರಳ ಸಂದಿಯಲ್ಲಿ ಗುಳ್ಳೆಯೆದ್ದು ಮನೆಯವರಿಗೂ ಕಡಿತವಿದ್ದರೆ ಅದು ಕಜ್ಜಿ. ಆಗ ಎಲ್ಲರೂ ಒಂದೇ ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ 5% ಪರ್ಮೆಥ್ರಿನ್ ಹಚ್ಚಿ ಬೆಳಗ್ಗೆ ತೊಳೆಯಬೇಕು, ವಾರ ಬಿಟ್ಟು ಮತ್ತೊಮ್ಮೆ. ಪ್ಲಾಸ್ಟರ್ ಅಂಟಿಸಿದ ಜಾಗದಲ್ಲಷ್ಟೇ ಕಡಿದರೆ ಪ್ಲಾಸ್ಟರ್ ಬದಲಿಸಿ. ಮಿಷನ್ ಶುರುವಾದ ಅರ್ಧ ತಾಸಿನೊಳಗೆ ಕಡಿತ ಎದ್ದು ಉಸಿರು ಹಿಡಿದಂತಾದರೆ ಆ ಕ್ಷಣವೇ ಸಿಬ್ಬಂದಿಯನ್ನು ಕೂಗಿ. ಅದು ಡಯಲೈಸರ್ (ರಕ್ತ ಸೋಸುವ ಫಿಲ್ಟರ್) ಅಥವಾ ಔಷಧದ ಅಲರ್ಜಿ ಇರಬಹುದು.

ಡಯಾಲಿಸಿಸ್‌ನವರ ಚರ್ಮ ಮೊದಲೇ ಒಣಗಿರುತ್ತದೆ, ಚಿತ್ರದುರ್ಗ, ದಾವಣಗೆರೆಯ ಚಳಿಗಾಲದ ಒಣಗಾಳಿಗೆ ಇನ್ನಷ್ಟು ಬಿರಿಯುತ್ತದೆ. ಸ್ನಾನಕ್ಕೆ ಕುದಿಯುವ ನೀರು ಬೇಡ, ಉಗುರುಬೆಚ್ಚಗಿರಲಿ. ಸೋಪು ಕಂಕುಳು, ತೊಡೆಸಂದಿಗೆ ಸಾಕು. ಮೈ ಒತ್ತಿ ಒರೆಸಿ, ಪಸೆ ಆರುವ ಮುಂಚೆ, ಅಂದರೆ ಮೂರು ನಿಮಿಷದೊಳಗೆ, ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನೋ ಲಿಕ್ವಿಡ್ ಪ್ಯಾರಫಿನ್ ಇರುವ ಕ್ರೀಮನ್ನೋ ಹಚ್ಚಬೇಕು, ರಾತ್ರಿ ಮತ್ತೊಮ್ಮೆ. ಕೊಬ್ಬರಿ ಎಣ್ಣೆಯೂ ಆದೀತು. ಹೆಚ್ಚಿನವರು ತಪ್ಪುವುದು ಅಳತೆಯಲ್ಲಿ. ದೊಡ್ಡವರ ಇಡೀ ಮೈಗೆ ಒಂದು ಸಲಕ್ಕೆ 25ರಿಂದ 30 ಗ್ರಾಂ ಬೇಕು. 50 ಗ್ರಾಂ ಟ್ಯೂಬು ಒಂದೇ ದಿನಕ್ಕೆ ಮುಗಿಯುವ ಲೆಕ್ಕ, ಅದನ್ನೇ ತಿಂಗಳು ತಿಕ್ಕಿದರೆ ಏನೂ ಹತ್ತುವುದಿಲ್ಲ. ಡಯಾಲಿಸಿಸ್ ದಿನ ಫಿಸ್ಟುಲಾ (ಸೂಜಿ ಚುಚ್ಚಲೆಂದು ಜೋಡಿಸಿದ ರಕ್ತನಾಳ) ಇರುವ ಕೈಗೆ ಮಾತ್ರ ಏನೂ ಸವರದೆ ಸೋಪಿನಿಂದ ತೊಳೆದು ಬನ್ನಿ. ಉಗುರು ಕತ್ತರಿಸಿರಲಿ, ಫಿಸ್ಟುಲಾ ಹತ್ತಿರ ಕೆರೆದ ಗಾಯದಿಂದ ರಕ್ತಕ್ಕೇ ಸೋಂಕು ಇಳಿಯಬಹುದು.

ಡಯಾಲಿಸಿಸ್ ಸಾಲದಿದ್ದರೂ, ರಕ್ತದಲ್ಲಿ ರಂಜಕ (ಫಾಸ್ಫರಸ್) ಏರಿದರೂ ಕಡಿತ ಹೆಚ್ಚಬಹುದು. ಬಸ್ ತಪ್ಪುತ್ತದೆಂದು ಅರ್ಧ ತಾಸು ಮೊದಲೇ ಮಿಷನ್ ಬಿಚ್ಚಿಸಿಕೊಳ್ಳುವವರಿದ್ದಾರೆ. ವಾರಕ್ಕೆ ಮೂರು ಸಲ ಹೀಗಾದರೆ ತಿಂಗಳಿಗೆ ಆರು ತಾಸು ಹೋಯಿತು, ಒಂದೂವರೆ ಡಯಾಲಿಸಿಸ್ಸೇ ತಪ್ಪಿದಂತೆ. ವಾರಕ್ಕೆ ಮೂರು ಸಲದವರಿಗೆ ಕೆಟಿ/ವಿ, ಅಂದರೆ ಒಂದು ಸಲದ ಡಯಾಲಿಸಿಸ್ ಎಷ್ಟು ಚೆನ್ನಾಗಿ ಆಯಿತೆಂಬ ಅಳತೆ, 1.2ಕ್ಕಿಂತ ಕೆಳಗಿಳಿಯಬಾರದು, ನಿಮ್ಮದೆಷ್ಟು ಎಂದು ಕೇಳಿ ತಿಳಿದುಕೊಳ್ಳಿ. ಊಟದಲ್ಲಿನ ರಂಜಕವನ್ನು ಹಿಡಿದಿಡುವ ಮಾತ್ರೆಯನ್ನು, ಅಂದರೆ ಸೆವೆಲಮರ್ ಅಥವಾ ಕ್ಯಾಲ್ಸಿಯಂ ಅಸಿಟೇಟ್ ಅನ್ನು, ಊಟದ ಜೊತೆಗೇ ನುಂಗಬೇಕು. ಬೆಳಗ್ಗೆ ಬಿ.ಪಿ. ಮಾತ್ರೆಯೊಂದಿಗೆ ಖಾಲಿ ಹೊಟ್ಟೆಗೆ ನುಂಗಿದರೆ ಅದಕ್ಕೆ ಹಿಡಿಯಲು ರಂಜಕವೇ ಸಿಗುವುದಿಲ್ಲ. ಆದರೆ ‘ಮೊದಲು ರಂಜಕ ಇಳಿಯಲಿ, ಕಡಿತಕ್ಕೆ ಆಮೇಲೆ ನೋಡೋಣ’ ಎಂದು ತಿಂಗಳುಗಟ್ಟಲೆ ಮುಂದೂಡುವುದು ಸರಿಯಲ್ಲ. ರಂಜಕ ಹತೋಟಿಯಲ್ಲಿದ್ದವರಿಗೂ ಕಡಿತ ಬರುತ್ತದೆ.

ಇಷ್ಟಕ್ಕೂ ಬಗ್ಗದ ಕಡಿತಕ್ಕೆ ಇಲ್ಲಿ ಸುಲಭವಾಗಿ ಸಿಗುವ ಒಳ್ಳೆಯ ಮದ್ದು ಗ್ಯಾಬಪೆಂಟಿನ್. ಶುರುವಿಗೆ 100 ಮಿ.ಗ್ರಾಂ., ಅದೂ ಡಯಾಲಿಸಿಸ್ ಆದ ದಿನ, ಮಿಷನ್ನಿಂದ ಇಳಿದ ಮೇಲೆ. ಏರಿಸುವುದಿದ್ದರೆ ಡಾಕ್ಟರೇ ಏರಿಸಬೇಕು. ಈ ಮದ್ದು ದೇಹ ಬಿಡುವುದು ಕಿಡ್ನಿಯ ಮೂಲಕವೇ. ಕಿಡ್ನಿ ಇಲ್ಲದವರಲ್ಲಿ ಮುಂದಿನ ಡಯಾಲಿಸಿಸ್‌ವರೆಗೂ ಒಳಗೇ ಉಳಿಯುತ್ತದೆ. 100ರದ್ದು ಸಿಗಲಿಲ್ಲವೆಂದು 300ರದ್ದನ್ನು ದಿನಾ ನುಂಗಿದರೆ ತೂಕಡಿಕೆ, ತೂರಾಟ, ಕೈಕಾಲು ಜಗ್ಗುವುದು, ಮಾತು ತಪ್ಪುವುದು ಶುರುವಾಗುತ್ತದೆ. ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕು. ಪಾದದ ಉರಿಗೆಂದು ಬೇರೆ ಡಾಕ್ಟರು ಪ್ರಿಗ್ಯಾಬಲಿನ್ ಬರೆದಿರುತ್ತಾರೆ, ಅದೂ ಇದೇ ಜಾತಿಯ ಮದ್ದು, ಎರಡೂ ಕೂಡಬಾರದು. ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್ಪುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬಂದು ತೋರಿಸಿ.

ಇದಕ್ಕೂ ಮೀರಿದವರಿಗೆ ಚರ್ಮರೋಗ ತಜ್ಞರು ವಾರಕ್ಕೆ ಮೂರು ಸಲ ಕೊಡುವ ಯುವಿಬಿ (ಒಂದು ಬಗೆಯ ನೇರಳಾತೀತ ಕಿರಣ) ಬೆಳಕಿನ ಚಿಕಿತ್ಸೆ ಇದೆ. ಇದೇ ಕಡಿತಕ್ಕೆಂದು ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಪಡೆದ ಡೈಫೆಲಿಕೆಫಾಲಿನ್ ಚುಚ್ಚುಮದ್ದೂ ಇದೆ.

ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ 2016ರಿಂದ ಬಡವರಿಗೆ ಡಯಾಲಿಸಿಸ್ ಉಚಿತವಾಗಿದೆ. ಅದರ ಜೊತೆಗೇ 100 ಮಿ.ಗ್ರಾಂ. ಗ್ಯಾಬಪೆಂಟಿನ್ ಮತ್ತು ದೊಡ್ಡ ಡಬ್ಬಿಯ ಪ್ಯಾರಫಿನ್ ಕ್ರೀಮನ್ನು ತಾಲ್ಲೂಕು ಮಟ್ಟದ ಘಟಕಗಳಲ್ಲೂ ಕೊಡುವಂತೆ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ವ್ಯವಸ್ಥೆ ಮಾಡಬೇಕೆಂದು ಕೋರುತ್ತೇವೆ.

– ಡಯಾಲಿಸಿಸ್ ಶುಶ್ರೂಷಕರು ಮತ್ತು ತಂತ್ರಜ್ಞರು, ದಾವಣಗೆರೆ