ಸರ್ಕಾರಿ ಪ್ರಾಥಮಿಕ ಶಾಲೆಯ ಕಲಿಕಾ ಫಲಿತಾಂಶವನ್ನು ಮಕ್ಕಳ ಹಿನ್ನೆಲೆಯೊಡನೆ ಸೇರಿಸಿ ಪರಿಶೀಲಿಸುವಂತೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಗ್ರಾಮ ಪಂಚಾಯಿತಿ

ಇಂದ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ವ್ಯಾಪ್ತಿಯ ಪೋಷಕರು ಮತ್ತು ನಿವಾಸಿಗಳು

ಮಾನ್ಯರೇ,

ನಮ್ಮ ಸರ್ಕಾರಿ ಶಾಲೆಯ ಕಲಿಕಾ ಮಟ್ಟ ಕುಸಿದಿದೆ ಎಂಬ ಮಾತು ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ಅದರ ಬೆನ್ನಿಗೇ, ಕೆಲಸ ಅರಸಿ ವಲಸೆ ಬಂದವರ ಮಕ್ಕಳು ಸೇರಿದ್ದರಿಂದಲೇ ಹೀಗಾಯಿತು ಎಂಬ ಮಾತೂ ಹಬ್ಬಿದೆ. ಎರಡಕ್ಕೂ ಆಧಾರವಾಗಿರುವುದು ತರಗತಿಯ ಸರಾಸರಿ ಅಂಕವೊಂದೇ. ಆ ಒಂದು ಅಂಕಿಯಿಂದ ಶಾಲೆಯನ್ನಾಗಲಿ ಮಕ್ಕಳನ್ನಾಗಲಿ ಅಳೆಯಲು ಸಾಧ್ಯವಿಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ.

ಇದನ್ನು ಸ್ಪಷ್ಟಪಡಿಸಲು ಒಂದು ಕಾಲ್ಪನಿಕ ಲೆಕ್ಕವನ್ನು ತಮ್ಮ ಮುಂದಿಡುತ್ತೇವೆ. 20 ಮಕ್ಕಳ ತರಗತಿಯೊಂದರಲ್ಲಿ ಮೊದಲಿನಿಂದಲೂ ಇಲ್ಲೇ ಓದುತ್ತಿರುವ 16 ಮಕ್ಕಳ ಸರಾಸರಿ 70 ಅಂಕ, ಈಚೆಗೆ ಸೇರಿದ 4 ಮಕ್ಕಳ ಸರಾಸರಿ 30 ಅಂಕ ಎಂದಿಟ್ಟುಕೊಂಡರೆ ಇಡೀ ತರಗತಿಯ ಸರಾಸರಿ 62 ಆಗುತ್ತದೆ. ಮರುವರ್ಷ ಆ ತರಗತಿಯಲ್ಲಿ ಮೊದಲಿನವರು 12, ಹೊಸಬರು 8 ಇದ್ದು, ಎರಡೂ ಗುಂಪಿನವರು ಎರಡೆರಡು ಅಂಕ ಹೆಚ್ಚು ಪಡೆದು 72 ಮತ್ತು 32ಕ್ಕೆ ಏರಿದರೂ ತರಗತಿಯ ಸರಾಸರಿ 56ಕ್ಕೆ ಇಳಿಯುತ್ತದೆ. ಯಾವ ಗುಂಪಿನ ಕಲಿಕೆಯೂ ಕುಗ್ಗದೆ, ಯಾವ ಶಿಕ್ಷಕರೂ ಕೆಲಸದಲ್ಲಿ ಹಿಂದೆ ಬೀಳದೆ, ಶಾಲೆಗೆ ಮಾತ್ರ ಕೆಟ್ಟ ಹೆಸರು ಬಂದಿರುತ್ತದೆ. ಇದಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಇದೇ ಲೆಕ್ಕದ ಇನ್ನೊಂದು ಮಗ್ಗುಲು: ಮೊದಲ ವರ್ಷದ 62 ಎಂಬ ನೆಮ್ಮದಿಯ ಅಂಕಿಯ ಮರೆಯಲ್ಲಿ 30ರಲ್ಲೇ ಉಳಿದ ನಾಲ್ಕು ಮಕ್ಕಳು ಯಾರ ಕಣ್ಣಿಗೂ ಬೀಳಲಿಲ್ಲ.

ಮಕ್ಕಳ ಹಿನ್ನೆಲೆ ಕಲಿಕೆಯನ್ನು ಹೇಗೆ ಮುಟ್ಟುತ್ತದೆ ಎಂಬುದು ತರಗತಿಯಲ್ಲಿ ಕುಳಿತು ನೋಡಿದರೆ ತಿಳಿಯುತ್ತದೆ. ಒಂದರಿಂದ ಮೂರನೇ ತರಗತಿಯವರೆಗಿನ ನಲಿಕಲಿ ಪದ್ಧತಿಯಲ್ಲಿ ಕಲಿಕಾ ಏಣಿ ಇರುತ್ತದೆ; ಕೆಲವು ವಾರ ಶಾಲೆ ತಪ್ಪಿಸಿದ ಮಗು ಮರಳಿ ಬಂದಾಗ ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ನಾಲ್ಕನೇ ತರಗತಿಯಿಂದ ಪಠ್ಯಪುಸ್ತಕದ ಪಾಠ ಶುರುವಾಗುತ್ತದೆ, ಪಾಠ ಯಾರಿಗಾಗಿಯೂ ಕಾಯುವುದಿಲ್ಲ. ಮನೆಯಲ್ಲಿ ತೆಲುಗು, ಲಂಬಾಣಿ ಅಥವಾ ಹಿಂದಿ ಆಡುವ ಮಗುವೊಂದು ವಯಸ್ಸಿಗೆ ತಕ್ಕಂತೆ ನೇರವಾಗಿ ನಾಲ್ಕನೇ ತರಗತಿಗೆ ದಾಖಲಾದಾಗ ವರ್ಣಮಾಲೆಯನ್ನೂ ಕಾಗುಣಿತವನ್ನೂ ಹೇಗೋ ಕಲಿತುಕೊಳ್ಳುತ್ತದೆ, ಒತ್ತಕ್ಷರ ಬಂದಲ್ಲಿ ತಡವರಿಸಿ ನಿಲ್ಲುತ್ತದೆ. ಕೂಡುವ ಕಳೆಯುವ ಲೆಕ್ಕವನ್ನು ಬಾಯಲ್ಲೇ ಸರಿಯಾಗಿ ಮಾಡುವ ಆ ಮಗು, ಅದೇ ಲೆಕ್ಕ ಕನ್ನಡ ವಾಕ್ಯದಲ್ಲಿ ಬಂದರೆ ಉತ್ತರದ ಜಾಗವನ್ನು ಖಾಲಿ ಬಿಡುತ್ತದೆ. ಗಣಿತದಲ್ಲಿ ಶೂನ್ಯ ಎಂದು ದಾಖಲಾಗುವ ಆ ಉತ್ತರ ಪತ್ರಿಕೆ ನಿಜವಾಗಿ ಹೇಳುತ್ತಿರುವುದು ಭಾಷೆಯ ತೊಡಕನ್ನು.

ಶಿಕ್ಷಣ ಹಕ್ಕು ಕಾಯ್ದೆ 2009 ಈ ಮಕ್ಕಳನ್ನು ಮರೆತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿದ ಮಗುವಿಗೆ ವಿಶೇಷ ತರಬೇತಿ ಪಡೆಯುವ ಹಕ್ಕನ್ನು 4ನೇ ಸೆಕ್ಷನ್ ಕೊಟ್ಟಿದೆ. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ಮಾಡುವುದನ್ನು 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯವೆಂದು ಹೇಳುತ್ತದೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದೊಳಗಿನ ಮಕ್ಕಳ ದಾಖಲೆ ಇಡುವುದು, ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವುದು, ಹಾಜರಾತಿಯ ಮೇಲೆ ನಿಗಾ ಇಡುವುದು 9ನೇ ಸೆಕ್ಷನ್ನಿನ ಪ್ರಕಾರ ಸ್ಥಳೀಯ ಪ್ರಾಧಿಕಾರದ ಹೊಣೆ. ಆದ್ದರಿಂದಲೇ ಈ ಮನವಿಯನ್ನು ಮೊದಲು ತಮಗೆ ಸಲ್ಲಿಸುತ್ತಿದ್ದೇವೆ.

ಪ್ರತಿ ತರಗತಿಯ ಓದು ಮತ್ತು ಗಣಿತದ ಮಟ್ಟವನ್ನು ಶೈಕ್ಷಣಿಕ ವರ್ಷದ ಆರಂಭದಲ್ಲೂ ಕೊನೆಯಲ್ಲೂ ಅಳೆದು, ಅದೇ ಮಕ್ಕಳು ಎಷ್ಟು ಮುಂದೆ ಬಂದಿದ್ದಾರೆ ಎಂಬುದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಮಂಡಿಸುವಂತೆ ಪಂಚಾಯಿತಿಯು ನಿರ್ಣಯ ಕೈಗೊಂಡು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಬೇಕೆಂದು ಕೋರುತ್ತೇವೆ. ಅದರ ಜೊತೆಗೆ ವರ್ಷದ ನಡುವೆ ಸೇರಿದವರು ಮತ್ತು ಬಿಟ್ಟುಹೋದವರು ಎಷ್ಟು ಮಂದಿ, ಮನೆಮಾತು ಕನ್ನಡವಲ್ಲದವರು ಎಷ್ಟು, ಹಾಜರಾತಿ ಹೇಗಿದೆ, ಆ ತರಗತಿಗೆ ವರ್ಷವಿಡೀ ಶಿಕ್ಷಕರಿದ್ದರೇ ಎಂಬ ವಿವರಗಳೂ ಇರಬೇಕು. ಕೊನೆಯದನ್ನು ಒತ್ತಿ ಹೇಳುತ್ತಿದ್ದೇವೆ. ಮಂಜೂರಾದ ಹುದ್ದೆಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಖಾಲಿ ಇರಕೂಡದು ಎಂದು 26ನೇ ಸೆಕ್ಷನ್ ಹೇಳುತ್ತದೆ. ಶಿಕ್ಷಕರೇ ಇಲ್ಲದ ತಿಂಗಳುಗಳ ಹೊಣೆಯನ್ನು ಮಕ್ಕಳ ಹಿನ್ನೆಲೆಯ ಮೇಲೆ ಹೊರಿಸುವುದು ಅನ್ಯಾಯ.

ಈ ವಿವರಗಳ ಪ್ರಕಟಣೆಯಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಸಣ್ಣ ಶಾಲೆಯಲ್ಲಿ ಒಂದು ಜಾತಿಯ ಅಥವಾ ಒಂದು ಭಾಷೆಯ ಮಕ್ಕಳು ಇಬ್ಬರೋ ಮೂವರೋ ಇರುತ್ತಾರೆ. ಅವರ ಅಂಕವನ್ನು ಪ್ರತ್ಯೇಕವಾಗಿ ಸೂಚನಾ ಫಲಕಕ್ಕೆ ಹಾಕಿದರೆ ಹೆಸರು ಬರೆಯದಿದ್ದರೂ ಆ ಮಕ್ಕಳು ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿನ ಫಲಿತಾಂಶವನ್ನು ಬಹಿರಂಗಪಡಿಸದೆ, ಅದನ್ನು ಮುಖ್ಯ ಶಿಕ್ಷಕರು ಬೋಧನೆಯ ಯೋಜನೆಗಷ್ಟೇ ಬಳಸುವಂತಾಗಬೇಕು. ಹಿನ್ನೆಲೆಯ ಆಧಾರದ ಮೇಲೆ ಮಕ್ಕಳನ್ನು ಬೇರೆ ಸಾಲಿನಲ್ಲಿ ಅಥವಾ ಬೇರೆ ಕೊಠಡಿಯಲ್ಲಿ ಕೂರಿಸಲು ಈ ಮಾಹಿತಿ ನೆಪವಾಗುವುದಾದರೆ, ಅದನ್ನು ಸಂಗ್ರಹಿಸುವುದೇ ಬೇಡ.

ವಲಸೆ ಕುಟುಂಬಗಳ ಬಿಡಾರಗಳನ್ನೂ ಒಳಗೊಂಡ ಮಕ್ಕಳ ಎಣಿಕೆಯನ್ನು ಈ ವರ್ಷದ ಮಕ್ಕಳ ಗ್ರಾಮ ಸಭೆಗೆ ಮೊದಲೇ ಮುಗಿಸಿ, ಹೊಸದಾಗಿ ಸೇರಿದ ಮಕ್ಕಳಿಗೆ ಕನ್ನಡದ ಸೇತುಬಂಧ ಬೋಧನೆಯನ್ನು, ಅಂದರೆ ಹಿಂದಿನ ಕಲಿಕೆಯ ಕೊರತೆ ತುಂಬುವ ಪಾಠಗಳನ್ನು, ಶಾಲಾ ಅವಧಿಯೊಳಗೇ ಏರ್ಪಡಿಸಲು ಕ್ರಮ ಕೈಗೊಳ್ಳಬೇಕೆಂದೂ, ಈ ಮನವಿಯ ಮೇಲೆ ಕೈಗೊಂಡ ನಿರ್ಣಯದ ಪ್ರತಿಯನ್ನು ನಮಗೆ ಲಿಖಿತವಾಗಿ ನೀಡಬೇಕೆಂದೂ ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಶಾಲಾ ವ್ಯಾಪ್ತಿಯ ಪೋಷಕರು ಮತ್ತು ನಿವಾಸಿಗಳು

ಪ್ರತಿ: ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರಿಗೆ ಮಾಹಿತಿಗಾಗಿ