ಮುಂದಿನ ಸಭೆಯಲ್ಲಿ ದಡಾರದ ಲೆಕ್ಕ ಕೇಳಿ, ಸಚಿವರೇ

ತುಮಕೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ. ನಾನು ಪಾವಗಡ ತಾಲ್ಲೂಕಿನ ನಿವೃತ್ತ ಮೇಷ್ಟ್ರು. ರಸ್ತೆ, ನೀರು, ವರ್ಗಾವಣೆ ಯಾವುದಕ್ಕೂ ಬರೆಯುತ್ತಿಲ್ಲ. ನೀವು ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಗೆ ಒಂದು ಹಾಳೆ ತರಿಸಿಕೊಳ್ಳಿ ಅಂತ ಕೇಳಲು ಬರೆಯುತ್ತಿದ್ದೇನೆ. ಕಳೆದ ಇಪ್ಪತ್ತು ವರ್ಷದಲ್ಲಿ ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಎಷ್ಟು ಮಕ್ಕಳಿಗೆ ದಡಾರ ಬಂತು, ವರ್ಷವಾರು, ತಾಲ್ಲೂಕುವಾರು. ಅಷ್ಟೇ.

ಎಂಬತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದಾಗ ಈ ಲೆಕ್ಕ ನನ್ನ ಹಾಜರಿ ಪುಸ್ತಕದಲ್ಲೇ ಸಿಗುತ್ತಿತ್ತು. ಶಿವರಾತ್ರಿ ಆಸುಪಾಸಿನಲ್ಲಿ ಒಂದನೇ ಕ್ಲಾಸಿನ ಯಾವುದೋ ಒಂದು ಮಗು ಬರುತ್ತಿರಲಿಲ್ಲ. ಹತ್ತು ಹನ್ನೆರಡು ದಿನ ಕಳೆದರೆ ಅರ್ಧ ಚಾಪೆ ಖಾಲಿ. ಮನೆಗೆ ಹೋದರೆ ಬಾಗಿಲಿಗೆ ಬೇವಿನ ಸೊಪ್ಪು, ಒಳಗೆ ಒಗ್ಗರಣೆ ವಾಸನೆಯೇ ಇಲ್ಲ. "ಅಮ್ಮ ಬಂದವ್ಳೆ ಸಾ" ಅನ್ನೋರು. ತೆಲುಗು ಮನೆಯಾದರೆ "ತಟ್ಟು". ಮಗು ಕತ್ತಲಲ್ಲಿ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿತ್ತು, ಕಣ್ಣೆಲ್ಲ ಕೆಂಪು. ಎರಡು ಮೂರು ವರ್ಷಕ್ಕೊಮ್ಮೆ ಹೀಗೆ. ಮಧ್ಯದ ವರ್ಷಗಳಲ್ಲಿ ಸದ್ದಿಲ್ಲ. ಅದು ಯಾಕೆ ಅಂತ ನನಗೆ ತಿಳಿದದ್ದು ಬಹಳ ತಡವಾಗಿ. ಒಮ್ಮೆ ಬಂದವರಿಗೆ ದಡಾರ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಹೊಸ ಮಕ್ಕಳು ಹುಟ್ಟಿ ಸಾಕಷ್ಟು ಸೇರುವವರೆಗೆ ಕಾಯಿಲೆಗೆ ಮೇವಿಲ್ಲ.

1985ರಲ್ಲಿ ಶುರುವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ನಮ್ಮ ಹಳ್ಳಿಗಳನ್ನೂ ಮುಟ್ಟಿದ ಮೇಲೆ ಪುಸ್ತಕದ ಕೆಂಪು ಗುರುತು ಕಡಿಮೆಯಾಗುತ್ತಾ ಬಂತು. 2010ರ ನಂತರ ಎರಡನೇ ಡೋಸೂ ಬಂತು. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ಅದರಂತೆಯೇ ದದ್ದು ಬರುವ ರುಬೆಲ್ಲಾ, ಎರಡಕ್ಕೂ ಸೇರಿಸಿ ಲಸಿಕೆ ಹಾಕುವ ಅಭಿಯಾನ ಮೊದಲು ನಡೆದ ರಾಜ್ಯಗಳಲ್ಲಿ ನಮ್ಮದೂ ಒಂದು. ವಾಟ್ಸಾಪಿನ ಸುಳ್ಳು ನಂಬಿ ಕೆಲವರು ಮಕ್ಕಳನ್ನು ಎರಡು ದಿನ ಮನೆಯಲ್ಲೇ ಕೂರಿಸಿಕೊಂಡರು. ಚುಚ್ಚಿಸಿಕೊಂಡ ಹುಡುಗರು ಮಾತ್ರ ಎಡಗೈ ಹೆಬ್ಬೆರಳ ಉಗುರಿನ ಗುರುತು ತೋರಿಸಿ "ನಾವೂ ಓಟು ಹಾಕಿದ್ವಿ" ಅಂತ ಮೆರೆದರು.

ಹಾಗಾದರೆ ಈಗೇನು ಚಿಂತೆ ಅಂತ ನೀವು ಕೇಳಬಹುದು. ಲೆಕ್ಕದ ಮೇಷ್ಟ್ರ ಚಿಂತೆ ಇದು. ನೂರು ಮಕ್ಕಳಲ್ಲಿ ತೊಂಬತ್ತು ಮಕ್ಕಳಿಗೆ ಒಂಬತ್ತು ತಿಂಗಳಿನ ಡೋಸ್ ಆಯಿತು ಅನ್ನಿ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಆ ವಯಸ್ಸಿನಲ್ಲಿ ಒಂದು ಡೋಸ್ ಕಾಪಾಡುವುದು ಸುಮಾರು ಶೇ. 85 ಮಕ್ಕಳನ್ನು. ಅಂದರೆ 76 ಮಕ್ಕಳಿಗೆ ರಕ್ಷಣೆ, 24 ಮಕ್ಕಳು ಬಯಲಲ್ಲಿ. ಹೀಗೇ ನಾಲ್ಕು ವರ್ಷ ನಡೆದರೆ 96 ಮಕ್ಕಳು, ಹೆಚ್ಚುಕಮ್ಮಿ ಒಂದು ವರ್ಷ ಹುಟ್ಟಿದಷ್ಟೂ ಮಕ್ಕಳು. ರಕ್ಷಣೆ ಇಲ್ಲದ ಊರಿನಲ್ಲಿ ಒಬ್ಬ ದಡಾರದ ರೋಗಿ 12ರಿಂದ 18 ಜನಕ್ಕೆ ಅಂಟಿಸಬಲ್ಲ. ಅದಕ್ಕೇ ಎರಡನೇ ಡೋಸೂ ಶೇ. 95ರಷ್ಟು ಮಕ್ಕಳಿಗೆ ತಲುಪಬೇಕು ಅನ್ನುವುದು. ಕೋವಿಡ್ ಕಾಲದಲ್ಲಿ ಲಸಿಕೆ ಹಿಂದೆ ಬಿತ್ತು. 2022ರ ಕೊನೆಯಲ್ಲಿ ಮುಂಬೈಯಲ್ಲಿ ದಡಾರ ಎದ್ದು ಮಕ್ಕಳು ಸತ್ತರು.

ಜಿಲ್ಲೆಗೆಲ್ಲ ಸೇರಿಸಿ ಒಂದೇ ಶೇಕಡಾ ಹೇಳಿದರೆ ಒಪ್ಪಬೇಡಿ. ತಿಪಟೂರಿಗೆ ಬಿದ್ದ ಮಳೆಗೆ ಪಾವಗಡಕ್ಕೆ ಬೀಳದ ಮಳೆ ಕೂಡಿಸಿ "ಜಿಲ್ಲೆಯಲ್ಲಿ ಮಳೆ ಪರವಾಗಿಲ್ಲ" ಅಂದ ಹಾಗಾಗುತ್ತದೆ. ನಮ್ಮ ತಾಲ್ಲೂಕಿನ ಸುತ್ತ ಹೆಚ್ಚೂ ಕಡಿಮೆ ಆಂಧ್ರವೇ. ಮದುವೆ, ಆಸ್ಪತ್ರೆ, ಸಂತೆ ಎಲ್ಲಾ ಗಡಿ ದಾಟಿ ನಡೆಯುತ್ತವೆ. ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗುವವರೂ ಜಾಸ್ತಿ.

ಹೋದ ತಿಂಗಳು ಪಕ್ಕದ ಮನೆಯಾಕೆ ಮೊಮ್ಮಗನ ತಾಯಿ ಕಾರ್ಡ್ ತಂದು ತೋರಿಸಿದರು. ಸಕ್ಕರೆ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದು. ಒಂಬತ್ತು ತಿಂಗಳಿನ ಚೌಕದಲ್ಲಿ ತಾರೀಖು ಇದೆ, ಮಗಳು ತವರಲ್ಲಿದ್ದಾಗ ಹಾಕಿಸಿದ್ದು. 16ರಿಂದ 24 ತಿಂಗಳಿನ ಚೌಕ ಖಾಲಿ. ಆ ಹೊತ್ತಿಗೆ ಮಗು ಬೆಂಗಳೂರಿನ ಶೆಡ್ಡಿನಲ್ಲಿತ್ತು, ಕಾರ್ಡು ಇಲ್ಲಿನ ಟ್ರಂಕಿನಲ್ಲಿತ್ತು. ಮಗುವಿಗೆ ಈಗ ಮೂರು ವರ್ಷ. ಆಶಾ ಕಾರ್ಯಕರ್ತೆಗೆ ಹೇಳಿ ಗುರುವಾರ ಹಾಕಿಸಿದೆವು. ಇಂಥ ಖಾಲಿ ಚೌಕ ಎಷ್ಟಿವೆಯೋ.

ಇನ್ನೊಂದು ಮಾತು. ಯಾವುದಾದರೂ ತಾಲ್ಲೂಕಿನ ಎದುರು ಸೊನ್ನೆ ಇದ್ದರೆ ಚಪ್ಪಾಳೆ ತಟ್ಟುವ ಮೊದಲು, ಎಷ್ಟು ಮಕ್ಕಳ ರಕ್ತ ಪರೀಕ್ಷೆಗೆ ಹೋಯಿತು ಅಂತ ಕೇಳಿ. ಜ್ವರ ಮತ್ತು ದದ್ದು ಇರುವವರನ್ನು ಸರಿಯಾಗಿ ಹುಡುಕಿದರೆ, ಪರೀಕ್ಷೆ ಮಾಡಿ "ದಡಾರವೂ ಅಲ್ಲ, ರುಬೆಲ್ಲಾವೂ ಅಲ್ಲ" ಅಂತ ಕೈಬಿಟ್ಟ ಪ್ರಕರಣಗಳೇ ವರ್ಷಕ್ಕೆ ಲಕ್ಷ ಜನಕ್ಕೆ ಎರಡಾದರೂ ಇರಬೇಕು. 2011ರ ಜನಗಣತಿಯಲ್ಲೇ ನಮ್ಮ ಜಿಲ್ಲೆ 26 ಲಕ್ಷ ದಾಟಿತ್ತು. ಹಾಗಾಗಿ ಜಿಲ್ಲೆಗೆಲ್ಲ ಸೇರಿ ವರ್ಷಕ್ಕೆ ಐವತ್ತಕ್ಕೂ ಜಾಸ್ತಿ ಇರಬೇಕು, ತಾಲ್ಲೂಕಿಗೆ ಅದರ ಜನಸಂಖ್ಯೆಗೆ ತಕ್ಕ ಪಾಲು. ಅಷ್ಟಿಲ್ಲದಿದ್ದರೆ ಆ ಸೊನ್ನೆ ನೋಡದೆ ಬರೆದ ಸೊನ್ನೆ. ಒಂದು ವರ್ಷ ಅಂಕಿ ಏರಿದ್ದರೆ ಅಧಿಕಾರಿಯನ್ನು ಸುಮ್ನೆ ಬೈಯಬೇಡಿ. ಹುಡುಕುವ ಕೆಲಸ ಚೆನ್ನಾಗಿ ನಡೆದಿರಲೂಬಹುದು. ಬೈದರೆ ಮುಂದಿನ ವರ್ಷ ನಿಮಗೆ ಇಷ್ಟವಾಗುವ ಅಂಕಿಯೇ ಬರುತ್ತದೆ.

ದೇಶದಿಂದ ದಡಾರ ಓಡಿಸಲು ಹಾಕಿಕೊಂಡ ಗಡುವು ಮೊದಲು 2023 ಇತ್ತು, ಈಗ 2026. ಆ ಹಾಳೆಯಲ್ಲಿ ಕಾಯಿಲೆ ಬಂದ ಮಕ್ಕಳ ವಯಸ್ಸು, ಎಷ್ಟು ಡೋಸ್ ಆಗಿತ್ತು ಅನ್ನುವುದಕ್ಕೂ ಒಂದೊಂದು ಕಾಲಂ ಇರಲಿ. ಹೆಸರು ಬೇಡ. ಬಂದ ಮೇಲೆ ಪ್ರತಿ ತಾಲ್ಲೂಕು ಪಂಚಾಯಿತಿಯ ನೋಟಿಸ್ ಬೋರ್ಡಿಗೂ ಒಂದು ಪ್ರತಿ ಅಂಟಿಸಲು ಹೇಳಿ. ಪಾವಗಡದ್ದನ್ನು ನಾನೇ ಹೋಗಿ ಓದಿಕೊಳ್ಳುತ್ತೇನೆ.

ಇಂತಿ,
ಒಬ್ಬ ನಿವೃತ್ತ ಮೇಷ್ಟ್ರು
ಪಾವಗಡ ತಾಲ್ಲೂಕು