ಮಗಳಿಗೊಂದು ಪತ್ರ: ಹಗ್ಗ ಹಿಡಿದವರು

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ನಿಮ್ಮ ಆಫೀಸಿನ ಫೈರ್ ಡ್ರಿಲ್ ಫೋಟೋ ನೋಡಿದೆವು. ಕೈಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್, ಮುಖದ ತುಂಬ ನಗು. "ಮದುವೆ ಮನೇಲಿ ಕಳಶ ಹಿಡಿದ ಹಾಗೆ ಹಿಡ್ಕೊಂಡಿದಾಳೆ" ಅಂದಳು ನಿಮ್ಮಮ್ಮ. ನನಗೆ ಮಾತ್ರ ನಾರ್ಮನ್ ಜಾಕ್ಸನ್ ನೆನಪಾದ. ಫೋನಿನಲ್ಲಿ ಹೇಳೋಕೆ ಹೊರಟರೆ "ಅಪ್ಪಾ, ಮೀಟಿಂಗ್ ಇದೆ" ಅಂತ ಇಟ್ಟುಬಿಡ್ತೀಯ. ಅದಕ್ಕೇ ಈ ಕಾಗದ.

ಜಾಕ್ಸನ್ ನಮ್ಮ ಕಸುಬಿನವನು ಕಣೇ. 1919ರಲ್ಲಿ ಲಂಡನ್ ಮಗ್ಗುಲಿನ ಈಲಿಂಗ್‌ನಲ್ಲಿ ಹುಟ್ಟಿ, ಹಸುಗೂಸಿರುವಾಗಲೇ ದತ್ತು ಹೋಗಿ, ಬೆಳೆದು ಫಿಟ್ಟರ್-ಟರ್ನರ್ ಆದವನು. ಎರಡನೇ ಮಹಾಯುದ್ಧ ಶುರುವಾದಾಗ ಅಂಥ ಕೆಲಸಗಾರರು ಸೇನೆಗೆ ಹೋಗಲೇಬೇಕು ಅಂತೇನೂ ಇರಲಿಲ್ಲ. ಆದರೂ ಬ್ರಿಟಿಷ್ ವಾಯುಪಡೆ ಸೇರಿದ. ಮೊದಲು ಆಫ್ರಿಕಾದ ಫ್ರೀಟೌನ್‌ನಲ್ಲಿ, ನೀರಿನ ಮೇಲೆ ಇಳಿಯುವ ಸಂಡರ್‌ಲ್ಯಾಂಡ್ ವಿಮಾನಗಳ ಎಂಜಿನ್ ಕೆಲಸ. 1943ರ ಹೊತ್ತಿಗೆ 106ನೇ ಸ್ಕ್ವಾಡ್ರನ್‌ನ ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ಫ್ಲೈಟ್ ಎಂಜಿನಿಯರ್. ನಾಲ್ಕು ಎಂಜಿನ್, ಏಳು ಜನ. ಇವನ ಜಾಗ ಪೈಲಟ್ ಪಕ್ಕದಲ್ಲಿ. ಆಯಿಲ್ ಪ್ರೆಷರ್ ಎಷ್ಟಿದೆ, ಎಂಜಿನ್ ಎಷ್ಟು ಬಿಸಿಯಾಗಿದೆ, ಯಾವ ಟ್ಯಾಂಕಿನ ಪೆಟ್ರೋಲು ಮುಗೀತಾ ಬಂತು ಅಂತ ರಾತ್ರಿಯಿಡೀ ಮುಳ್ಳುಗಳನ್ನು ನೋಡುತ್ತಾ ಇರೋದೇ ಕೆಲಸ.

30 ಹಾರಾಟ ಮುಗಿಸಿದರೆ ಒಂದು ಸರದಿ ಮುಗಿದಂತೆ. ಬ್ರಿಟಿಷ್ ವಾಯುಪಡೆಯ ಬಾಂಬ್ ಹಾಕುವ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು. ಆ 30ನ್ನು ಮುಟ್ಟೋದು ಎಂಥ ಕಷ್ಟ ಅಂತ ನೀನೇ ಲೆಕ್ಕ ಹಾಕು. ಜಾಕ್ಸನ್ ಮುಟ್ಟಿದ್ದ. ಆದರೆ ಒಂದು ಸಲ ಬೇರೆ ತಂಡದ ಜೊತೆ ಹೋಗಿದ್ದರಿಂದ ಅವನ ಲೆಕ್ಕ ತನ್ನವರಿಗಿಂತ ಒಂದು ಮುಂದಿತ್ತು; ಅವರಿಗೆ ಇನ್ನೂ ಒಂದು ಬಾಕಿ. ಇವನಿಗೆ ಆಗಷ್ಟೇ ಮಗ ಹುಟ್ಟಿದ ಸುದ್ದಿ ಬಂದಿತ್ತು. ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ, 1944ರ ಏಪ್ರಿಲ್ 26ರ ರಾತ್ರಿ ಅವರ ಜೊತೆಗೇ ಹೊರಟ.

ಹೊರಟಿದ್ದು ಜರ್ಮನಿಯ ಶ್ವೈನ್‌ಫರ್ಟ್‌ಗೆ, ಬಾಲ್ ಬೇರಿಂಗ್ ಕಾರ್ಖಾನೆಗಳ ಊರಿಗೆ. ಬೇರಿಂಗ್ ಇಲ್ಲದೆ ಟ್ಯಾಂಕೂ ಓಡಲ್ಲ, ವಿಮಾನವೂ ಹಾರಲ್ಲ. ಜೀವನವೆಲ್ಲ ಬೇರಿಂಗ್ ಕೂರಿಸಿದ ನನಗೆ ಅಲ್ಲೊಂದು ಮುಳ್ಳು ಚುಚ್ಚುತ್ತೆ. ಕೆಳಗೆ ಆ ಊರಲ್ಲಿ ಲೇತ್ ಮುಂದೆ ನಿಂತಿದ್ದವರೂ ನನ್ನಂಥವರೇ ಅಲ್ಲವೇ? ಅದನ್ನು ಬದಿಗಿಟ್ಟು ಈ ಕತೆ ಹೇಳೋಕೆ ನನಗೆ ಬರಲ್ಲ.

ಬಾಂಬು ಹಾಕಿ ತಿರುಗಿದ್ದರು. ಸುಮಾರು 20,000 ಅಡಿ ಎತ್ತರದಲ್ಲಿ ಶತ್ರು ವಿಮಾನ ಬಂದು ಗುಂಡು ಸುರಿಸಿತು. ಬಲ ರೆಕ್ಕೆಯ ಮೇಲೆ, ಪೆಟ್ರೋಲ್ ಟ್ಯಾಂಕಿನ ಹತ್ತಿರ ಬೆಂಕಿ. ಜಾಕ್ಸನ್ನನ ಕಾಲಿಗೂ ಭುಜಕ್ಕೂ ಚೂರು ಹೊಕ್ಕಿತ್ತು. ಅವನು ಕೈಯಲ್ಲಿ ಹಿಡಿಯುವ ಸಿಲಿಂಡರ್, ನಿನ್ನ ಕೈಲಿರೋ ಜಾತಿಯದೇ, ಜಾಕೆಟ್ ಎದೆಯೊಳಗೆ ತುರುಕಿಕೊಂಡ. ಪ್ಯಾರಾಚೂಟ್ ಸಿಕ್ಕಿಸಿಕೊಂಡ. ಪೈಲಟ್ ತಲೆ ಮೇಲಿನ ಮುಚ್ಚಳ ಕಿತ್ತೊಗೆದು ಆಚೆ ಹತ್ತಿದ. ಗಂಟೆಗೆ 320 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ವಿಮಾನದ ಬೆನ್ನ ಮೇಲೆ, ಕತ್ತಲಲ್ಲಿ!

ಅಷ್ಟರಲ್ಲಿ ಪ್ಯಾರಾಚೂಟ್ ಬಿಚ್ಚಿಕೊಂಡು ಬಟ್ಟೆ, ದಾರ ಎಲ್ಲ ಕಾಕ್‌ಪಿಟ್ ಒಳಗೆ ಚೆಲ್ಲಿತು. ಅವನು ಹಿಂದಿರುಗಲಿಲ್ಲ. ಒಳಗಿದ್ದ ಮೂವರು, ಪೈಲಟ್ ಫ್ರೆಡ್ ಮಿಫ್ಲಿನ್, ಬಾಂಬ್ ಹಾಕುವ ಟಾಫ್ಟ್, ದಾರಿ ತೋರಿಸುವ ಹಿಗಿನ್ಸ್, ಅದನ್ನೆಲ್ಲ ಬಾಚಿ ಹಿಡಿದು, ಅವನು ತೆವಳಿದಂತೆ ದಾರವನ್ನು ಮೆಲ್ಲಗೆ ಬಿಡುತ್ತಾ ಹೋದರು.

ಊರಲ್ಲಿ ಬೇಸಿಗೆಯಲ್ಲಿ ಬಾವಿ ಹೂಳು ತೆಗೆಯೋಕೆ ನಿನ್ನ ದೊಡ್ಡಪ್ಪ ಇಳೀತಿದ್ದ. ಮೇಲೆ ಹಗ್ಗ ಹಿಡಿಯೋರಲ್ಲಿ ನಾನೂ ಒಬ್ಬ. ಬಿಗಿ ಹಿಡಿದರೆ ಅವನು ಅಲ್ಲೇ ತೂಗಾಡ್ತಾನೆ, ಸಡಿಲ ಬಿಟ್ಟರೆ ಬೀಳ್ತಾನೆ. ಸಂಜೆ ಅಂಗೈ ಚರ್ಮ ಸುಲಿದಿರೋದು, ಆದರೆ ಊರೆಲ್ಲ ಭೇಷ್ ಅಂದಿದ್ದು ದೊಡ್ಡಪ್ಪನಿಗೆ. ತಪ್ಪೇನಿಲ್ಲ, ಇಳಿದವನು ಅವನೇ ತಾನೇ. ಆದರೂ ಜಾಕ್ಸನ್ ಕತೆ ಓದುವಾಗ ನನ್ನ ಕಣ್ಣು ಆ ಮೂವರ ಕೈಗಳ ಮೇಲೇ ನಿಲ್ಲುತ್ತೆ.

ಜಾಕ್ಸನ್ ಜಾರಿ ರೆಕ್ಕೆಯ ಮೇಲೆ ಬಿದ್ದ. ಅದರ ಮುಂದಿನ ಅಂಚಿನಲ್ಲಿದ್ದ ಗಾಳಿ ಕಿಂಡಿ ಹಿಡಿದು ನೇತಾಡಿದ. ಸಿಲಿಂಡರ್ ಗಾಳಿಗೆ ಹಾರಿಹೋಯಿತು. ಬೆಂಕಿ ಆರಲೇ ಇಲ್ಲ ಪುಟ್ಟಿ. ಮುಖ, ಕೈ, ಬಟ್ಟೆ ಸುಟ್ಟು, ಹಿಡಿತ ತಪ್ಪಿ, ಅಲ್ಲಲ್ಲಿ ಉರಿಯುತ್ತಿದ್ದ ಪ್ಯಾರಾಚೂಟ್ ಸಮೇತ ಕೆಳಗೆ ಹೋದ. ನೆಲಕ್ಕೆ ಬಿದ್ದಾಗ ಪಾದದ ಗಂಟು ಮುರಿಯಿತು, ಬಲಗಣ್ಣು ಮುಚ್ಚಿಹೋಗಿತ್ತು. ಬೆಳಗಾದ ಮೇಲೆ ತೆವಳಿಕೊಂಡೇ ಹತ್ತಿರದ ಹಳ್ಳಿ ಸೇರಿ ಸೆರೆಯಾದ. 10 ತಿಂಗಳು ಆಸ್ಪತ್ರೆ. ಫಿಟ್ಟರ್ ಕೈಗಳು ಮತ್ತೆ ಮೊದಲಿನಂತಾಗಲಿಲ್ಲ.

ಉಳಿದವರಲ್ಲಿ ನಾಲ್ವರು ಹಾರಿ ಬದುಕಿದರು. ಮಿಫ್ಲಿನ್ ಮತ್ತು ಹಿಂಬದಿಯ ಗನ್ನರ್ ಜಾನ್ಸನ್ ಬದುಕಲಿಲ್ಲ. ಸೆರೆಯಿಂದ ಮರಳಿದ ಗೆಳೆಯರು ಹೇಳಿದ್ದರಿಂದಲೇ ವಿಷಯ ಹೊರಬಿತ್ತು. 1945ರ ಅಕ್ಟೋಬರ್‌ನಲ್ಲಿ ಜಾಕ್ಸನ್‌ಗೆ ವಿಕ್ಟೋರಿಯಾ ಕ್ರಾಸ್, ಅಂದರೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ, ಘೋಷಣೆ ಆಯಿತು. ಪದಕ ತೆಗೆದುಕೊಳ್ಳಲು ಹೋದ ದಿನ, ನೂರು ಹಾರಾಟ ಮಾಡಿದ್ದ ಬಾಂಬರ್ ಪೈಲಟ್ ಲಿಯೊನಾರ್ಡ್ ಚೆಷೈರ್ ಕೂಡ ಅದೇ ಪದಕಕ್ಕೆ ಬಂದಿದ್ದರು. ಜಾಕ್ಸನ್‌ಗೇ ಮೊದಲು ಕೊಡಿ ಅಂದರಂತೆ ಚೆಷೈರ್.

ಆಮೇಲೆ ಜಾಕ್ಸನ್ ಊರೂರು ತಿರುಗಿ ವಿಸ್ಕಿ ಕಂಪನಿಯ ಸೇಲ್ಸ್‌ಮನ್ ಆಗಿ ದುಡಿದ, ಏಳು ಮಕ್ಕಳನ್ನು ಸಾಕಿದ, 1994ರಲ್ಲಿ ತೀರಿಕೊಂಡ.

ಇನ್ನು ನಿನ್ನ ಫೋಟೋ ವಿಷಯ. ದೊಡ್ಡದು ಮಾಡಿ ನೋಡಿದೆ. ಪಿನ್ ಇನ್ನೂ ತೆಗೆದಿಲ್ಲ, ಆದರೂ ಸಿಲಿಂಡರಿನ ಮುಳ್ಳು ಹಸಿರಿನಲ್ಲಿಲ್ಲ, ಕೆಂಪಿನಲ್ಲಿದೆ; ಅಂದರೆ ಒಳಗಿನ ಒತ್ತಡ ಸರಿಯಿಲ್ಲ. ನಾಳೆಯೇ ಯಾರಿಗೆ ಹೇಳಬೇಕೋ ಹೇಳು. ನಿಮ್ಮಮ್ಮ ಹುರಿಹಿಟ್ಟು ಕಳಿಸಿದ್ದಾಳೆ, ಡಬ್ಬಿ ಮರೆಯದೆ ವಾಪಸ್ ತಾ.

ಇತಿ,
ನಿನ್ನ ಅಪ್ಪ